ಉಸ್ತಾದರ ಋಣ: ಗರಡಿಯಲ್ಲಿ ನಾವು ತೀರಿಸುವ ಬಗೆ

ಮೈಸೂರಿನ ಹಳೆಯ ಗರಡಿಗಳಲ್ಲಿ ಕುಸ್ತಿ ಕಲಿಸುವ ಉಸ್ತಾದರು ಫೀಸು ಕೇಳಿದವರಲ್ಲ. ಪಟ್ಟು ಹೇಳಿಕೊಡುವುದು ಅವರ ಕೆಲಸದಲ್ಲಿ ಅರ್ಧ ಮಾತ್ರ. ಯಾವ ಹುಡುಗ ಎರಡು ದಿನದಿಂದ ಬಂದಿಲ್ಲ, ಯಾರ ಬಾಯಲ್ಲಿ ಗುಟ್ಕಾ ವಾಸನೆ, ಯಾರು ಪಿಯುಸಿ ಅರ್ಧಕ್ಕೆ ಬಿಟ್ಟ, ಯಾರ ಆಟೋ ಸಾಲಕ್ಕೆ ಜಾಮೀನು ಬೇಕು ಎನ್ನುವುದೆಲ್ಲ ಅವರ ತಲೆಯಲ್ಲೇ ಇರುತ್ತದೆ. ಅಪ್ಪನಿಲ್ಲದ ಹುಡುಗರಿಗೂ, ಅಪ್ಪ ಇದ್ದೂ ಮಾತಿಗೆ ಸಿಗದ ಹುಡುಗರಿಗೂ ಗದರಿಸುವವರು, ಬೆನ್ನು ತಟ್ಟುವವರು ಅವರೇ. ಇಂಥವರ ಋಣವನ್ನು ವರ್ಷಕ್ಕೊಮ್ಮೆ ಶಾಲು, ಹಾರ, ಮೈಸೂರು ಪೇಟದಲ್ಲಿ ಮುಗಿಸುವುದು ಈಗಿನ ರೂಢಿ. ನನ್ನ ಲೆಕ್ಕದಲ್ಲಿ ಶಾಲು ಕೊನೆಗೆ ಬರಬೇಕು. ಮೊದಲು ಮಟ್ಟಿ, ಅಂದರೆ ಕುಸ್ತಿಯಾಡುವ ಅಖಾಡದ ಮಣ್ಣು.

ಉಸ್ತಾದರ ವಯಸ್ಸು ಅರವತ್ತು ದಾಟಿದ ಮೇಲೆ ಸನಿಕೆ ಅವರ ಕೈಗೆ ಹೋಗಬಾರದು. ಗೆದ್ದು ಬಂದ ಪೈಲ್ವಾನನಿಗೂ ಮಣ್ಣು ಅಗೆಯುವ ಪಾಳಿ ತಪ್ಪಬಾರದು. ನವರಾತ್ರಿಗೆ ಹದಿನೈದು ದಿನ ಮುಂಚೆ, ಮಳೆಗಾಲದ ಮುಗ್ಗಲು ಕಳೆಯಲೆಂದು, ನಾವು ಮಟ್ಟಿ ಹೊಸದು ಮಾಡುತ್ತೇವೆ. ಅಖಾಡ 15 ಅಡಿ ಚೌಕವಿದ್ದು, ಒಂಬತ್ತು ಇಂಚು ಸಡಿಲ ಮಣ್ಣು ಬೇಕೆಂದರೆ ಸುಮಾರು 170 ಘನ ಅಡಿ ಆಗುತ್ತದೆ. 100 ಘನ ಅಡಿಯ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಎರಡು ಲೋಡು ಕೆಮ್ಮಣ್ಣು ತರಿಸಿದರೆ, ಜರಡಿಯಲ್ಲಿ ಕಲ್ಲು, ಬೇರು, ಗಾಜಿನ ಚೂರು ಹೋಗಿ ಉಳಿದದ್ದು ಸರಿಹೋಗುತ್ತದೆ. ಜರಡಿ ಹಿಡಿಯುವಾಗ ಸೋಮಾರಿತನ ಬೇಡ. ಆಮೇಲೆ ಮೊಣಕೈ ಕುಯ್ಯುವುದು ಆ ಒಂದು ಚೂರೇ.

ಸೇರಿಸುವ ಸಾಮಾನು ಗರಡಿಯಿಂದ ಗರಡಿಗೆ ಬೇರೆ. ನಮ್ಮದು ಒಂದು ಲೋಡಿಗೆ ಐದು ಲೀಟರ್ ಎಳ್ಳೆಣ್ಣೆ, ಎರಡು ಕೆಜಿ ಅರಿಶಿನದ ಪುಡಿ, ಹತ್ತು ಲೀಟರ್ ನೀರು ಮಜ್ಜಿಗೆ, ಐವತ್ತು ನಿಂಬೆಹಣ್ಣಿನ ರಸ, ಪೂಜೆಗೆಂದು ಕರ್ಪೂರ, ಕುಂಕುಮ, ಒಂದಿಷ್ಟು ತುಪ್ಪ. ಎಣ್ಣೆ ಧೂಳನ್ನು ಹಿಡಿಯುತ್ತದೆ, ಮಣ್ಣು ಬೇಗ ಒಣಗದಂತೆ ನೋಡಿಕೊಳ್ಳುತ್ತದೆ. ಅದು ಹೆಚ್ಚಾದರೆ ಮಣ್ಣು ಗಂಟುಕಟ್ಟಿ, ಮೈ ಜಾರಿ, ಹಿಡಿತವೇ ಸಿಗುವುದಿಲ್ಲ. ಮಜ್ಜಿಗೆ ಹೆಚ್ಚಾದರೆ ಮೂರನೇ ದಿನಕ್ಕೆ ಹುಳಿ ನಾತ, ಮೋಡವಿದ್ದರಂತೂ ಬೂಸು. ಆದ್ದರಿಂದ ಮಜ್ಜಿಗೆಯನ್ನು ಒಮ್ಮೆಲೇ ಸುರಿಯದೆ ಎರಡು ದಿನಕ್ಕೆ ಹಂಚಿ ಚಿಮುಕಿಸಬೇಕು. ವಾರವಿಡೀ ದಿನಕ್ಕೊಮ್ಮೆ ತಳದಿಂದ ಮೇಲಕ್ಕೆ ತಿರುವಿಹಾಕಿ, ರಾತ್ರಿ ಒದ್ದೆ ಗೋಣಿ ಹೊದಿಸಬೇಕು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಹೆಬ್ಬೆರಳಿನಿಂದ ಒತ್ತಿದರೆ ಉದುರಬೇಕು. ಇದೇ ಹದ.

ಅರಿಶಿನವಿದೆ, ಗಾಯಕ್ಕೆ ಹೆದರಿಕೆಯಿಲ್ಲ ಎಂಬ ಮಾತನ್ನು ಹಿರಿಯರು ಹೇಳಿದರೂ ನಂಬಬೇಡಿ. ಧನುರ್ವಾಯು ಚುಚ್ಚುಮದ್ದು ಹತ್ತು ವರ್ಷಕ್ಕೊಮ್ಮೆ ಬೇಕೇ ಬೇಕು. ಮಣ್ಣು ಹೊಕ್ಕ ಗಾಯವಾಗಿದ್ದು, ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ಕಳೆದಿದ್ದರೆ ಮತ್ತೊಂದು. ಮೈಮೇಲೆ ಹುಳುಕಡ್ಡಿ, ಕೀವುಗುಳ್ಳೆ ಇರುವ ಹುಡುಗ ವಾಸಿಯಾಗುವವರೆಗೆ ಅಖಾಡಕ್ಕೆ ಇಳಿಯಬಾರದು. ಈ ಕಟ್ಟುನಿಟ್ಟನ್ನು ದೊಡ್ಡ ಹುಡುಗರೇ ವಹಿಸಿಕೊಂಡರೆ ಉಸ್ತಾದರು ನಿಷ್ಠುರವಾಗುವುದು ತಪ್ಪುತ್ತದೆ.

ಇನ್ನು ಅವರ ಮೈ. ಸಾಮು, ಬಸ್ಕಿ ನಿಲ್ಲುತ್ತದೆ, ಊಟ ಮಾತ್ರ ಪೈಲ್ವಾನನದೇ ಉಳಿಯುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸವೆದ ಮಂಡಿ ಬರುವ ದಾರಿ ಅದು. ಹೀಗಿರುವಾಗ ಗುರುಕಾಣಿಕೆಯೆಂದು ಡಬ್ಬಿಗಟ್ಟಲೆ ಮೈಸೂರು ಪಾಕು ಒಯ್ಯುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ‘ಡಾಕ್ಟರ ಹತ್ತಿರ ಹೋಗೋಣ ಬನ್ನಿ’ ಎಂದರೆ ಯಾವ ಉಸ್ತಾದರೂ ಏಳುವುದಿಲ್ಲ. ಗರಡಿಯಲ್ಲೇ ಎಲ್ಲ ಹುಡುಗರಿಗೂ ರಕ್ತ ಪರೀಕ್ಷೆ ಇಟ್ಟು, ‘ನೀವು ಮೊದಲು ಕೈ ಕೊಟ್ಟರೆ ಹುಡುಗರು ಹೆದರುವುದಿಲ್ಲ’ ಎನ್ನಿ, ಬರುತ್ತಾರೆ. ತಮಗಾಗಿ ಮಾಡದ್ದನ್ನು ಹುಡುಗರಿಗಾಗಿ ಮಾಡುವವರು ಅವರು. ಸಕ್ಕರೆ ಇದೆಯೆಂದು ಗೊತ್ತಾದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಜವಾಬ್ದಾರಿ ಒಬ್ಬನ ಹೆಸರಿಗೆ ಬರೆಯಿರಿ. ‘ಎಲ್ಲರೂ ನೋಡಿಕೊಳ್ಳೋಣ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಮಂಡಿ ಹೋದವರಿಗೆ ಬೆಳ್ಳಿ ಗದೆಗಿಂತ ಮನೆಯಲ್ಲೊಂದು ವೆಸ್ಟರ್ನ್ ಕಮೋಡು, ಗೋಡೆಗೊಂದು ಹಿಡಿಕೆ ಹೆಚ್ಚಿನ ಉಪಕಾರ. ವೇದಿಕೆಯಲ್ಲಿ ಇದನ್ನು ಉದ್ಘಾಟಿಸಲು ಆಗುವುದಿಲ್ಲ, ಅಷ್ಟೇ.

ಮಾಜಿ ಪೈಲ್ವಾನರಿಗೆ ರಾಜ್ಯ ಸರ್ಕಾರದ ಮಾಸಾಶನವಿದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬೇಕು. ಅರ್ಜಿ ಮುಂದೆ ಹೋಗದೆ ನಿಲ್ಲುವುದು ದಾಖಲೆಯ ಕೊರತೆಯಿಂದ. ಮಣ್ಣಿನ ಅಖಾಡದ ನಾಡಕುಸ್ತಿಯವರ ಹತ್ತಿರ ಗದೆ, ಪೇಟ ಇರುತ್ತವೆ, ಪ್ರಮಾಣಪತ್ರ ಇರುವುದಿಲ್ಲ. ಕುಸ್ತಿಯ ಹಳೆಯ ಭಿತ್ತಿಪತ್ರ, ಪತ್ರಿಕೆಯ ತುಣುಕು, ದಸರಾ ಕುಸ್ತಿಯ ಫೋಟೊ ಟ್ರಂಕಿನಲ್ಲಿ ಗೆದ್ದಲು ಹಿಡಿಯುವ ಮೊದಲೇ ಸ್ಕ್ಯಾನ್ ಮಾಡಿಡಿ. ಆಧಾರ್‌ನಲ್ಲಿರುವ ಹೆಸರು ಪೋಸ್ಟರಿನ ‘ಪೈಲ್ವಾನ್’ ಹೆಸರಿಗೆ ಹೊಂದದಿದ್ದರೆ ಅಫಿಡವಿಟ್ ಬೇಕಾಗಬಹುದು.

ಸೂಕ್ಷ್ಮವಾದ ಮಾತೊಂದಿದೆ. ಸನ್ಮಾನದಲ್ಲಿ ಮೈಕ್ ಹಿಡಿದು ‘ನಮ್ಮಪ್ಪನಿಗಿಂತ ಹೆಚ್ಚು’ ಎನ್ನಬೇಡಿ. ಎರಡನೇ ಸಾಲಿನಲ್ಲಿ ಹೆತ್ತಪ್ಪ ಕೂತಿರುತ್ತಾನೆ. ಆ ಮಾತಿನಿಂದ ಉಸ್ತಾದರೂ ಮುಜುಗರಪಡುತ್ತಾರೆ. ಆಯುಧ ಪೂಜೆಗೆ ಹುಡುಗರ ಅಪ್ಪಂದಿರನ್ನೂ ಕರೆದು, ಗರಡಿಯ ಒಳಗೇ ಕೂರಿಸಿ, ಗದೆಗೆ ಹೂವಿಡುವ ಕೆಲಸ ಕೊಡುತ್ತೇವೆ. ಮದುವೆಯಲ್ಲಿ ತಾಂಬೂಲ ಮೊದಲು ತಂದೆಗೆ, ಬೆನ್ನಿಗೇ ಉಸ್ತಾದರಿಗೆ.

ಗರಡಿ ಬಿಟ್ಟು ಹೋಗುವಾಗಲೂ ಒಂದು ರೀತಿಯಿದೆ. ನಾಡಕುಸ್ತಿ ಒಬ್ಬನ ಬೆನ್ನು ನೆಲಕ್ಕೆ ತಾಗಿ ಚಿತ್ ಆಗುವವರೆಗೆ ನಡೆದೀತು. ಮ್ಯಾಟ್ ಕುಸ್ತಿ ಮೂರು ಮೂರು ನಿಮಿಷದ ಎರಡು ಸುತ್ತು, ಅಲ್ಲಿ ಪಾಯಿಂಟ್ ಲೆಕ್ಕ. ಮೇಲಕ್ಕೆ ಹೋಗಬೇಕೆನ್ನುವ ಹುಡುಗ ದಾವಣಗೆರೆಯ ಕ್ರೀಡಾ ನಿಲಯಕ್ಕೋ ಇನ್ನೆಲ್ಲಿಗೋ ಹೋಗಲೇಬೇಕು. ಆ ಸುದ್ದಿ ಉಸ್ತಾದರಿಗೆ ಮೊದಲು ತಿಳಿಯಬೇಕು, ಅವನ ಬಾಯಿಂದಲೇ. ಸಿಟ್ಟಾದರೂ ಸರಿ, ಮೂರನೆಯವರಿಂದ ಕೇಳಿದಾಗ ಆಗುವ ನೋವು ಅದಕ್ಕಿಂತ ದೊಡ್ಡದು.

ಕೊನೆಗೆ ಹಣ. ಫ್ಲೆಕ್ಸು, ಪೆಂಡಾಲಿಗೆ ಹೋಗುವುದನ್ನು ಉಳಿಸಿ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕುವುದು ನಮ್ಮ ಪದ್ಧತಿ. 60 ತುಂಬಿದವರ ಹೆಸರಲ್ಲಿ ತೆರೆಯಬಹುದು, ಕನಿಷ್ಠ 1,000 ರೂಪಾಯಿ, ಅವಧಿ ಐದು ವರ್ಷ, ಬಡ್ಡಿ ಮೂರು ತಿಂಗಳಿಗೊಮ್ಮೆ. ಶೇ 8.2ರ ದರದಲ್ಲಿ ಒಂದು ಲಕ್ಷಕ್ಕೆ ತ್ರೈಮಾಸಿಕ 2,050 ರೂಪಾಯಿ ಬರುತ್ತದೆ. ಹೊಸ ಖಾತೆಗಳ ದರವನ್ನು ಸರ್ಕಾರ ಬದಲಿಸುವುದುಂಟು, ತೆರೆಯುವ ದಿನ ಕೇಳಿಕೊಳ್ಳಿ. ಚಂದಾ ಎತ್ತುವಾಗ ಒಬ್ಬನ ಫೋನ್‌ಪೇಗೆ ಹಾಕಿಸಬೇಡಿ, ಗರಡಿ ಒಡೆಯುವುದು ಅಲ್ಲೇ. ಇಬ್ಬರ ಸಹಿ ಬೇಕಾಗುವ ಜಂಟಿ ಖಾತೆಯಿರಲಿ, ಕೊಟ್ಟವರ ಪಟ್ಟಿ ಗರಡಿಯ ಗೋಡೆಗೆ ಅಂಟಿಸಿ, ಮೊತ್ತ ಬರೆಯದೆ. ಉಳಿತಾಯ ಯೋಜನೆಯ ಖಾತೆಯಲ್ಲಿ ನಾಮಿನಿ ಜಾಗದಲ್ಲಿ ಉಸ್ತಾದರ ಹೆಂಡತಿಯ ಹೆಸರು ಇದೆಯೇ ಎಂದು ಪಾಸ್‌ಬುಕ್ ತೆಗೆದು ನೋಡಿಕೊಂಡೇ ಕೌಂಟರ್ ಬಿಡಿ.