ಯಂತ್ರ ಸಿದ್ಧವಾಗುವ ಮೊದಲೇ ಮುಂಗಡ ಕೇಳಿದೆ

ಬೀದರ್ ಮತ್ತು ಭಾಲ್ಕಿ ತಾಲ್ಲೂಕುಗಳಲ್ಲಿ ತರಕಾರಿ ಬೆಳೆಯುವ 40 ರೈತರನ್ನು ಮೊದಲ ಸುತ್ತಿನಲ್ಲಿ ಭೇಟಿಯಾದೆ. ಎಲ್ಲರಿಗೂ ಕೇಳಿದ್ದು ಒಂದೇ ಪ್ರಶ್ನೆ: ತಾನೇ ಬೆಳೆ ಗುರುತಿಸಿ ಕಳೆ ತೆಗೆಯುವ ಯಂತ್ರ ಬಂದರೆ ನಿಮಗೆ ಬೇಕೇ? 37 ಮಂದಿ ಬೇಕು ಎಂದರು. ಹದಿನೈದು ದಿನ ಬಿಟ್ಟು ಅದೇ ಮನೆಗಳಿಗೆ ಮತ್ತೆ ಹೋದೆ. ಎಕರೆಗೆ 3,500 ರೂಪಾಯಿ, ಈಗ 500 ರೂಪಾಯಿ ಮುಂಗಡ, ನಾಟಿಯಾದ ಮೂರನೇ ವಾರ ಬಂದು ಹೊಲ ಚೊಕ್ಕ ಮಾಡಿಕೊಡುತ್ತೇವೆ ಎಂದೆ. ಮುಂಗಡ ಕೊಟ್ಟವರು ಆರು ಮಂದಿ.

ನಮ್ಮ ಭಾಗದಲ್ಲಿ ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸುವುದಿಲ್ಲ, ‘ಬೇಡ’ ಎಂದು ಹೇಳಿಯೂ ಕಳಿಸುವುದಿಲ್ಲ. ಮೊದಲ ಸುತ್ತಿನ ‘ಬೇಕು’ಗಳಲ್ಲಿ ಹೆಚ್ಚಿನವು ಆ ಸೌಜನ್ಯದಿಂದ ಬಂದವು. ಅದು ರೈತರ ತಪ್ಪಲ್ಲ, ಕೇಳಿದವನ ತಪ್ಪು. ಸಬ್ಸಿಡಿ ಇದೆಯೇ, ಸರ್ಕಾರದ ಯಂತ್ರ ಬಾಡಿಗೆ ಕೇಂದ್ರವಾದ ಕೃಷಿ ಯಂತ್ರಧಾರೆಯಲ್ಲಿ ಸಿಗುತ್ತದೆಯೇ ಎಂದು ಹಲವರು ವಿಚಾರಿಸಿದ್ದರು. ಕೊಳ್ಳುವ ಮಾತನ್ನು ಯಾರೂ ತಾವಾಗಿ ಎತ್ತಿರಲಿಲ್ಲ. ಅದನ್ನು ನಾನು ಆಗಲೇ ಬರೆದಿಟ್ಟುಕೊಳ್ಳಬೇಕಿತ್ತು.

ನಾವು ಕಟ್ಟುತ್ತಿದ್ದ ಯಂತ್ರ ಆಗ ಇನ್ನೂ ಸಿದ್ಧವಾಗದೆ ಶೆಡ್ಡಿನಲ್ಲೇ ಇತ್ತು. ಆರೂ ಮಂದಿಗೆ ಅದನ್ನು ಮುಚ್ಚಿಡದೆ ಹೇಳಿದೆ. ಸದ್ಯಕ್ಕೆ ಸಾಲಿನ ನಡುವೆ ಪವರ್ ವೀಡರ್, ಅಂದರೆ ಆಳು ನಡೆಸುವ ಚಿಕ್ಕ ಎಂಜಿನ್ ಕಳೆ ಯಂತ್ರ, ಓಡಿಸುತ್ತೇವೆ, ಗಿಡದ ಬುಡದಲ್ಲಿ ಹೆಣ್ಣಾಳುಗಳು ಕುರ್ಪಿ ಹಿಡಿದು ತೆಗೆಯುತ್ತಾರೆ. ಹೇಳಿದ ದಿನಕ್ಕೆ ಹೊಲ ಚೊಕ್ಕವಾದರೆ ಈ ದರ ಕೊಡುತ್ತೀರಾ ಎಂಬುದಷ್ಟೇ ನನಗೆ ತಿಳಿಯಬೇಕು ಎಂದೆ. ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯ ಸೊಪ್ಪಿನ ಹೊಲಗಳಲ್ಲೂ ಇಂಥ ಯಂತ್ರವನ್ನು ಮಾರುವುದಕ್ಕಿಂತ ಮೊದಲು ಎಕರೆ ಲೆಕ್ಕದಲ್ಲಿ ಕೆಲಸ ಮಾಡಿಕೊಟ್ಟ ಕಂಪನಿ ಇತ್ತು. ಆದರೆ ಅಲ್ಲಿ ಯಂತ್ರವೇ ಎಳೆದ ಉದ್ದನೆಯ ನೇರ ಸಾಲುಗಳಿವೆ. ಇಲ್ಲಿ ಹಗ್ಗ ಕಟ್ಟಿ ಕೈಯಿಂದ ನಾಟಿ ಮಾಡಿದ ಸಾಲು. ಬದುವಿನ ಹತ್ತಿರ ಅದು ಬಾಗಿಯೇ ಬಾಗುತ್ತದೆ.

ಕಳೆಯ ಬಗ್ಗೆ ನಾನು ಕಲಿತದ್ದರಲ್ಲಿ ಹೆಚ್ಚಿನದನ್ನು ಕಲಿಸಿದವರು ಕುರ್ಪಿ ಹಿಡಿದ ಒಬ್ಬ ಹಿರಿಯ ಹೆಂಗಸು. ಹೂಕೋಸಿನ ಬುಡದಲ್ಲಿ ಜೇಕು ಎಂಬ ಕಳೆ ಎದ್ದಿತ್ತು. ನಾನು ಗರಿ ಹಿಡಿದು ಎಳೆದೆ, ಕಿತ್ತು ಬಂತು. “ತಮ್ಮಾ, ನೀನು ಕೂದಲು ಕಿತ್ತೆ, ತಲೆ ಒಳಗೇ ಇದೆ” ಎಂದರು. ಅವರು ಕುರ್ಪಿಯನ್ನು ಓರೆಯಾಗಿ ಒಳಗಿಳಿಸಿ, ಮಣಿಕಟ್ಟನ್ನು ಒಮ್ಮೆ ತಿರುವಿ ಎತ್ತಿದಾಗ ಕಡಲೆಕಾಳಿಗಿಂತ ತುಸು ದೊಡ್ಡದಾದ ಕಪ್ಪು ಗಡ್ಡೆ ಬೇರಿನ ಸಮೇತ ಬಂತು. ಅದರ ಹಿಂದೆ ದಾರದಲ್ಲಿ ಪೋಣಿಸಿದಂತೆ ಇನ್ನೆರಡು. ಪವರ್ ವೀಡರ್ ಈ ದಾರವನ್ನು ಕಡಿದು ಗಡ್ಡೆಗಳನ್ನು ಹೊಲದ ತುಂಬ ಚೆಲ್ಲುತ್ತದೆ, ಒಂದೊಂದೂ ಮತ್ತೆ ಚಿಗುರುತ್ತದೆ. ಅಂದಿನಿಂದ ಜೇಕು ಹೆಚ್ಚಿರುವ ಹೊಲವನ್ನು ನಾವು ಒಪ್ಪಿಕೊಳ್ಳುವುದಿಲ್ಲ. ಯಂತ್ರ ಬಂದರೆ ನಿಮ್ಮ ಕೂಲಿಯ ಗತಿಯೇನು ಎಂದು ಅವರನ್ನೇ ಕೇಳಿದೆ. ದಿನವಿಡೀ ಕುಕ್ಕರಗಾಲಿನಲ್ಲಿ ಕೂತು ಮೊಣಕಾಲು ಹೋಗಿದೆ, ಆದರೆ ಕೂಲಿ ಬೇಕು ಎಂದರು. ಈ ಮಾತನ್ನು ಲೆಕ್ಕದಿಂದ ಹೊರಗಿಟ್ಟು ಬೇಡಿಕೆ ಅಳೆಯಲು ನನಗೆ ಮನಸ್ಸಿಲ್ಲ. ಬುಡದ ಕೆಲಸಕ್ಕೆ ಇಂದಿಗೂ ಅವರ ತಂಡವನ್ನೇ ಕರೆಯುತ್ತೇವೆ.

ನಿಜವಾದ ತೊಡಕು ಮಣ್ಣಿನ ಹದದಲ್ಲಿತ್ತು. ಭಾಲ್ಕಿ ಕಡೆಯ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಒಂದು ದೊಡ್ಡ ಮಳೆ ಬಿದ್ದರೆ ನಾಲ್ಕೈದು ದಿನ ಕಾಲಿಡಲಾಗದು, ಗಾಲಿಗೆ ಮಣ್ಣು ಮೆತ್ತಿ ಯಂತ್ರ ನಿಂತೇಬಿಡುತ್ತದೆ. ಆಮೇಲೆ ಹದ ಬಂದರೆ ಎಲ್ಲರ ಹೊಲಕ್ಕೂ ಒಟ್ಟಿಗೇ ಬರುತ್ತದೆ. ಅದೇ ಹೊತ್ತಿಗೆ ಹೆಸರು, ಉದ್ದಿನ ರಾಶಿ ಶುರುವಾಗಿ ಆಳುಗಳು ಅತ್ತ ಹೋಗಿರುತ್ತಾರೆ. ಒಂದು ಬೆಳಿಗ್ಗೆ ಏಳು ಗಂಟೆಯೊಳಗೆ ನನ್ನ ಮೊಬೈಲಿಗೆ ಹನ್ನೊಂದು ಕರೆ ಬಂದವು. ಮುಂಗಡ ಕೊಡದವರೂ ಆ ದಿನ ಹೆಚ್ಚಿನ ದರಕ್ಕೆ ಒಪ್ಪಿದ್ದರು. ನನ್ನಲ್ಲಿದ್ದದ್ದು ಒಂದೇ ಪವರ್ ವೀಡರ್. ಮೂರು ದಿನ ಕಳೆದ ಮೇಲೆ ಒಂದು ಕರೆಯೂ ಇಲ್ಲ.

ಹಾಗಾಗಿ ‘ಎಷ್ಟು ಮಂದಿಗೆ ಬೇಕು’ ಎಂಬ ಪಟ್ಟಿಯನ್ನು ಬದಿಗಿಟ್ಟು, ‘ಒಂದೇ ವಾರದಲ್ಲಿ ಎಷ್ಟು ಎಕರೆ’ ಎಂದು ಬರೆಯತೊಡಗಿದೆ. ಬೀದರ್ ಸುತ್ತಲಿನ ಕೆಂಪು ಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ, ಮಳೆಯ ಮರುದಿನವೋ ಮೂರನೇ ದಿನವೋ ಯಂತ್ರ ಇಳಿಸಬಹುದು. ಮೊದಲು ಕೆಂಪು ಹೊಲ, ಆಮೇಲೆ ಎರೆ ಹೊಲ ಎಂದು ಸರದಿ ಹಾಕಿದಾಗ ಅದೇ ಒಂದು ಪವರ್ ವೀಡರಿಗೆ ಮೂರು ದಿನದ ಬದಲು ಎಂಟು ದಿನ ಕೆಲಸ ಸಿಕ್ಕಿತು. ಯಂತ್ರ ಎಷ್ಟು ದುಬಾರಿಯಾಗಬಹುದು ಎಂಬುದನ್ನು ನಾನು ಈಗ ಈ ಎಂಟು ದಿನಗಳಿಂದಲೇ ಲೆಕ್ಕ ಹಾಕುತ್ತೇನೆ.

ಆರು ಮಂದಿಯಲ್ಲಿ ಇಬ್ಬರು ಉಳ್ಳಾಗಡ್ಡಿ ಬೆಳೆಗಾರರು. ಕಳೆಯಿಂದ ಹೆಚ್ಚು ಸೋಲುವವರು ಅವರೇ. ಉಳ್ಳಾಗಡ್ಡಿಯ ಎಲೆ ನೆಲ ಮುಚ್ಚುವುದಿಲ್ಲ, ಬೇರು ಮೇಲೆಯೇ ಇರುತ್ತದೆ. ಆದರೆ ಅವರ ಸಾಲಿನ ಅಂತರ 15 ಸೆಂ.ಮೀ. ಹೂಕೋಸಿನ 60 ಸೆಂ.ಮೀ. ಸಾಲಿಗೆಂದು ಕಟ್ಟಿದ ನಮ್ಮ ಯಂತ್ರ ಅಲ್ಲಿ ನುಗ್ಗುವುದಿಲ್ಲ. ಮುಂಗಡ ವಾಪಸ್ ಕೊಡಲು ಹೋದೆ. ಒಬ್ಬರು ಎಣಿಸಿ ಕಿಸೆಗೆ ಹಾಕಿಕೊಂಡರು. ಇನ್ನೊಬ್ಬ ಕಾಕಾ ನೋಟು ಕೈಯಲ್ಲಿ ಹಿಡಿದೇ, “ಸಾಲು ಅಗಲ ಮಾಡಿದರೆ ನಿನ್ನ ಯಂತ್ರ ಬರುತ್ತದೆ, ನನ್ನ ಚೀಲ ಎಷ್ಟು ಕಡಿಮೆಯಾಗುತ್ತವೆ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಬಾವಿಯ ಪಕ್ಕದ ಎರಡು ಗುಂಟೆಯಲ್ಲಿ ಈ ಸಲ ಅಗಲ ಸಾಲು ಬಿಡೋಣ ಎಂದು ಅವರೇ ಹಗ್ಗ ತಂದರು. ಒಂದು ತುದಿಯನ್ನು ನಾನು ಹಿಡಿದೆ.