ಉಣ್ಣೆ ಜ್ವರ: ಇಂಜೆಕ್ಷನ್‌ಗೆ ಮೊದಲು ಸ್ಲೈಡ್

ಹಸುವಿನ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ ಹುಳುಗಳು ಹರಡುವ ಮೂರು ರೋಗಾಣುಗಳು ಬೆಬೇಸಿಯಾ, ಥೈಲೇರಿಯಾ, ಅನಾಪ್ಲಾಸ್ಮಾ. ಯಾವುದೆಂದು ತಿಳಿಯಲು ರಕ್ತವನ್ನು ಗಾಜಿನ ಸ್ಲೈಡ್ ಮೇಲೆ ಹರಡಿ ಮೈಕ್ರೋಸ್ಕೋಪ್‌ನಲ್ಲಿ ನೋಡಬೇಕು. ಆದರೆ ಗಂಜಲ ಕೆಂಪಾದರೆ ಬೆಬೇಸಿಯಾ, ಗಂಟು (ದುಗ್ಧಗ್ರಂಥಿ) ಊದಿದರೆ ಥೈಲೇರಿಯಾ, ಕಣ್ಣು ಹಳದಿಯಾದರೆ ಅನಾಪ್ಲಾಸ್ಮಾ ಎಂದು ಕೊಟ್ಟಿಗೆಯಲ್ಲೇ ತೀರ್ಮಾನಿಸಿ ಇಂಜೆಕ್ಷನ್ ಕೊಡುವವರು ಜಾಸ್ತಿ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್), ಜರ್ಸಿ ಮಿಶ್ರತಳಿ ಹಸುಗಳಲ್ಲಿ ಈ ಲೆಕ್ಕ ಪದೇ ಪದೇ ತಪ್ಪುತ್ತದೆ. ಮೂರರಲ್ಲೂ ಜ್ವರ ಬರುತ್ತದೆ, ಹಾಲು ಇಳಿಯುತ್ತದೆ, ಮೈಯಲ್ಲಿ ರಕ್ತ ಕಡಿಮೆಯಾಗುತ್ತದೆ. ಔಷಧ ಮಾತ್ರ ಬೇರೆ ಬೇರೆ. ಬೆಬೇಸಿಯಾಕ್ಕೆ ಡೈಮಿನಜೀನ್, ಥೈಲೇರಿಯಾಕ್ಕೆ ಬುಪಾರ್ವಾಕ್ವೋನ್, ಅನಾಪ್ಲಾಸ್ಮಾಕ್ಕೆ ಆಕ್ಸಿಟೆಟ್ರಾಸೈಕ್ಲಿನ್. ತಪ್ಪು ಔಷಧದಲ್ಲಿ ಎರಡು ದಿನ ಕಳೆದರೆ ಹಸು ಕೈತಪ್ಪಬಹುದು.

ರಕ್ತ ತೆಗೆಯುವುದು

ಇಂಜೆಕ್ಷನ್‌ಗೆ ಮೊದಲೇ ತೆಗೆಯಿರಿ. ಡೈಮಿನಜೀನ್ ಮೈಗೆ ಹೋದ ಮೇಲೆ ಬೆಬೇಸಿಯಾ ರಕ್ತದಿಂದ ಬೇಗ ಮಾಯವಾಗುತ್ತದೆ. ಕಿವಿಯ ತುದಿಯ ಕೂದಲು ಕತ್ತರಿಸಿ, ಸ್ಪಿರಿಟ್‌ನಿಂದ ಒರೆಸಿ, ಅದು ಪೂರ್ತಿ ಆರಿದ ಮೇಲೆ ಚುಚ್ಚಿ. ಸಣ್ಣ ಹನಿ ಸಾಕು, ಅದನ್ನು ಸ್ಲೈಡ್‌ನ ಒಂದು ತುದಿಗೆ ಹಾಕಿ. ಇನ್ನೊಂದು ಸ್ಲೈಡನ್ನು ಓರೆಯಾಗಿ ಹಿಡಿದು ಒಂದೇ ಸಲಕ್ಕೆ ತಳ್ಳಿ. ಗಾಳಿಯಲ್ಲಿ ಆಡಿಸಿ ಒಣಗಿಸಿ, ಬಾಯಿಂದ ಊದಬೇಡಿ. ಉಸಿರಿನ ತೇವಕ್ಕೆ ರಕ್ತಕಣಗಳು ಕೆಡುತ್ತವೆ. ಎರಡು ಸ್ಲೈಡ್ ಮಾಡಿಟ್ಟುಕೊಳ್ಳಿ.

ಬಣ್ಣ ಹಾಕುವುದು

ಒಣಗಿದ ಸ್ಲೈಡನ್ನು ಮೆಥನಾಲ್‌ನಲ್ಲಿ 3ರಿಂದ 5 ನಿಮಿಷ ಇಡಿ. ಆಮೇಲೆ ಒಂದು ಪಾಲು ಜೀಮ್ಸಾ ಬಣ್ಣಕ್ಕೆ ಒಂಬತ್ತು ಪಾಲು ಬಫರ್ ನೀರು (ಪಿಎಚ್ ಬದಲಾಗದಂತೆ ಲವಣ ಬೆರೆಸಿದ ನೀರು), ಪಿಎಚ್ 7.2, ಸುಮಾರು 40 ನಿಮಿಷ. ಬೋರ್‌ವೆಲ್ ನೀರು ಬೇಡವೇ ಬೇಡ. ಅದರಲ್ಲಿ ಬಣ್ಣ ಕಪ್ಪು ಚುಕ್ಕೆಗಳಾಗಿ ಕೂತುಬಿಡುತ್ತದೆ. ನೀರು ಬೆರೆಸಿದ ಜೀಮ್ಸಾ ಸಂಜೆಗೆ ಉಳಿದರೆ ಚೆಲ್ಲಿ. ಒಂದೇ ನಿಮಿಷದಲ್ಲಿ ಮುಗಿಯುವ ಬಣ್ಣದ ಕಿಟ್‌ಗಳನ್ನು ಈ ಕೆಲಸಕ್ಕೆ ನಾನು ಒಪ್ಪುವುದಿಲ್ಲ. ಹಳೆಯ ಕಿಟ್‌ನ ಕಸವನ್ನೇ ಅನಾಪ್ಲಾಸ್ಮಾ ಎಂದು ಬರೆದುಕೊಟ್ಟ ರಿಪೋರ್ಟ್‌ಗಳನ್ನು ನೋಡಿದ್ದೇನೆ.

ನೋಡುವುದು

ಹೆಚ್ಚಿನವರು ಎಡವುವುದು ಇಲ್ಲೇ. ಸ್ಲೈಡ್ ಮೇಲೆ ಇಮ್ಮರ್ಶನ್ ಎಣ್ಣೆ ಹಾಕಿ ಮೈಕ್ರೋಸ್ಕೋಪ್‌ನ 100ರ ಲೆನ್ಸ್‌ನಲ್ಲಿ ನೋಡಿ. ರಕ್ತ ದಪ್ಪಗಿರುವ ಕಡೆ ನಿಲ್ಲದೆ, ತೆಳುವಾದ ತುದಿಗೆ ಬನ್ನಿ. ಕಣಗಳು ಒಂದರ ಮೇಲೊಂದು ಬೀಳದೆ ಪಕ್ಕಪಕ್ಕದಲ್ಲಿ ಮಲಗಿರಬೇಕು.

ಮೊದಲು ಗಾತ್ರ ನೋಡಿ. ಬೆಬೇಸಿಯಾದ ಎರಡು ಜಾತಿಗಳಲ್ಲಿ ಬೆಬೇಸಿಯಾ ಬೈಜೆಮಿನಾ ದೊಡ್ಡದು. ಎರಡು ನೀರಹನಿಗಳ ಚೂಪು ತುದಿ ಕೂಡಿಸಿದಂತೆ ಜೋಡಿಯಾಗಿ, ಕಿರಿದಾದ ಕೋನದಲ್ಲಿ ಕೂತಿರುತ್ತದೆ. ಉದ್ದ ರಕ್ತಕಣದ ಅರ್ಧ ಅಗಲಕ್ಕಿಂತ ಹೆಚ್ಚು. ಬೆಬೇಸಿಯಾ ಬೋವಿಸ್ ಅದಕ್ಕಿಂತ ಚಿಕ್ಕದು, ಜೋಡಿಯ ಕೋನವೂ ಅಗಲ. ಬೆಬೇಸಿಯಾ ಒಂಟಿಯಾಗಿ, ದುಂಡಗೂ ಇರುತ್ತದೆ. ಅಂಥದ್ದು ಕಂಡಾಗ ತೀರ್ಪು ಕೊಡಬೇಡಿ, ಜೋಡಿ ಸಿಗುವವರೆಗೆ ಸ್ಲೈಡ್ ಸರಿಸುತ್ತಾ ಹೋಗಿ.

ಥೈಲೇರಿಯಾ ಇನ್ನೂ ಸಣ್ಣದು. ಉಂಗುರ, ಕಡ್ಡಿ, ಕಾಮಾ, ಹೀಗೆ ಹಲವು ಆಕಾರ. ತೆಳು ನೀಲಿ ಮೈ, ಒಂದು ಬದಿಗೆ ಕೆಂಪು ಚುಕ್ಕೆ. ಇದರಲ್ಲೂ ಎರಡು ಜಾತಿ: ಥೈಲೇರಿಯಾ ಆನ್ಯುಲಾಟಾದಲ್ಲಿ ಉಂಗುರಗಳೇ ಜಾಸ್ತಿ, ಥೈಲೇರಿಯಾ ಓರಿಯೆಂಟಾಲಿಸ್‌ನಲ್ಲಿ ಕಡ್ಡಿಗಳು ಜಾಸ್ತಿ. ಆದರೆ ರಕ್ತದ ಸ್ಲೈಡ್ ಒಂದನ್ನೇ ನೋಡಿ ಇವೆರಡನ್ನು ಬೇರ್ಪಡಿಸಬೇಡಿ. ಭುಜದ ಮುಂದಿನ ಊದಿದ ಗಂಟಿಗೆ ಸೂಜಿ ಹಾಕಿ, ಬಂದ ರಸವನ್ನು ಸ್ಲೈಡ್ ಮೇಲೆ ಹರಡಿ ಅದೇ ಬಣ್ಣ ಹಾಕಿ. ಬಿಳಿ ರಕ್ತಕಣಗಳ ಒಳಗೆ ನೀಲಿ ಹಿನ್ನೆಲೆಯಲ್ಲಿ ಕೆನ್ನೇರಳೆ ಚುಕ್ಕೆಗಳ ಗುಂಪು ಕಂಡರೆ ಅವು ಕಾಕ್ಸ್ ಬ್ಲೂ ಬಾಡೀಸ್, ಅಂದರೆ ಆನ್ಯುಲಾಟಾ. ಓರಿಯೆಂಟಾಲಿಸ್‌ನಲ್ಲಿ ಅವು ಸಿಗುವುದು ಅಪರೂಪ. ಹಾಗಂತ ಓರಿಯೆಂಟಾಲಿಸ್ ಏನೂ ಮಾಡಲ್ಲ ಎಂದು ಬಿಡುವಂತಿಲ್ಲ, ಪಕ್ಕದ ಕೇರಳದ ವಯನಾಡಿನಲ್ಲಿ ಮಿಶ್ರತಳಿ ಹಸುಗಳು ಅದರಿಂದ ಸತ್ತಿವೆ.

ಅನಾಪ್ಲಾಸ್ಮಾ ನಿಜಕ್ಕೂ ಬ್ಯಾಕ್ಟೀರಿಯಾ, ಆದರೆ ಉಣ್ಣೆಯಿಂದಲೂ ಬರುವುದರಿಂದ ಇದೇ ಸಾಲಿಗೆ ಸೇರಿದೆ. ಅದರ ಮಾರ್ಜಿನಾಲೆ ಎಂಬ ಜಾತಿ ಎಂದರೆ ಕಣದ ಅಂಚಿನಲ್ಲಿ ಒಂದು ದಟ್ಟ ಚುಕ್ಕೆ, ಸುತ್ತ ನೀಲಿ ಮೈ ಇರುವುದಿಲ್ಲ. ಇದರಲ್ಲಿ ಗಂಜಲ ಕೆಂಪಾಗುವುದಿಲ್ಲ. ಆ ಚುಕ್ಕೆ ಕಂಡ ಕೂಡಲೇ ಫೈನ್ ಫೋಕಸ್ ತಿರುಗಿಸಿ. ಬಣ್ಣದ ಕಸವಾದರೆ ಕಣಕ್ಕಿಂತ ಮೇಲಿನ ಮಟ್ಟದಲ್ಲಿ ಸ್ಪಷ್ಟವಾಗುತ್ತದೆ, ಕಣಗಳ ನಡುವಿನ ಖಾಲಿ ಜಾಗದಲ್ಲೂ ಬಿದ್ದಿರುತ್ತದೆ. ತಿರುಗಿಸಿದಾಗ ಫಳಫಳ ಹೊಳೆದರೆ ಅದು ನೀರಿನ ಗುರುತು. ರಕ್ತಹೀನತೆಯಿಂದ ಚೇತರಿಸಿಕೊಳ್ಳುತ್ತಿರುವ ಹಸುವಿನ ಎಳೆಯ ಕಣಗಳಲ್ಲೂ ನ್ಯೂಕ್ಲಿಯಸ್‌ನ ಚೂರೊಂದು ದುಂಡಗೆ ಉಳಿದಿರುತ್ತದೆ. ಅದಕ್ಕೆ ಹೋವೆಲ್-ಜಾಲಿ ಬಾಡಿ ಎಂಬ ಹೆಸರು. ಹತ್ತಾರು ಕಣಗಳಲ್ಲಿ ಚುಕ್ಕೆ ಅಂಚಿಗೇ ಇದ್ದರೆ ಮಾತ್ರ ಅನಾಪ್ಲಾಸ್ಮಾ ಎಂದು ಬರೆಯಿರಿ.

ಕಂಡ ಮೇಲೆ

ಒಮ್ಮೆ ಗುಣವಾದ ಹಸುವಿನ ರಕ್ತದಲ್ಲಿ ಥೈಲೇರಿಯಾ ತಿಂಗಳುಗಟ್ಟಲೆ ಉಳಿಯಬಹುದು. ಚೆನ್ನಾಗಿ ಮೇಯುವ ಹಸುವಿನಲ್ಲಿ ಒಂದೆರಡು ಉಂಗುರ ಕಂಡರೆ ಬುಪಾರ್ವಾಕ್ವೋನ್‌ಗೆ ದುಡ್ಡು ಸುರಿಯಬೇಡಿ. ಜ್ವರ, ಗಂಟು, ಹಿಮೋಗ್ಲೋಬಿನ್ ನೋಡಿ ವೈದ್ಯರೇ ನಿರ್ಧರಿಸಲಿ. ಒಂದರ ಜೊತೆ ಇನ್ನೊಂದು ಸೋಂಕೂ ಇರಬಹುದು, ಹಾಗಾಗಿ ಮೊದಲನೆಯದು ಸಿಕ್ಕಿತೆಂದು ಮೈಕ್ರೋಸ್ಕೋಪ್ ಬಿಟ್ಟು ಏಳಬೇಡಿ.

ಅನುಮಾನ ಉಳಿದರೆ ಎರಡನೇ ಸ್ಲೈಡನ್ನು ಬೆಂಗಳೂರಿನ ಹೆಬ್ಬಾಳದ ಪಶುರೋಗ ಪ್ರಯೋಗಾಲಯಕ್ಕೆ ಕಳಿಸಿ. ಪಿಸಿಆರ್‌ಗಾದರೆ (ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬ್‌ನಲ್ಲಿ ರಕ್ತ ತುಂಬಿ, ಐಸ್ ಜೊತೆ ಇಡಿ. ಸ್ಲೈಡ್ ಕಳಿಸುವ ಡಬ್ಬಿಯಲ್ಲಿ ಫಾರ್ಮಲಿನ್ ಬಾಟಲಿ ಮಾತ್ರ ಇರಬಾರದು. ಅದರ ಆವಿ ತಾಗಿದ ಸ್ಲೈಡ್‌ಗೆ ಬಣ್ಣ ಸರಿಯಾಗಿ ಹತ್ತುವುದಿಲ್ಲ.