ಕೈಮಗ್ಗದೋರ ಕತೆ ಬರೀಬೇಕಾ? ಮೊದ್ಲು ವಿಲನ್‌ನ ತೆಗೀರಿ

ನೇಕಾರನ ಮೇಲೆ ಕತೆ ಅಂತ ಕೂತ ತಕ್ಷಣ ಪವರ್‌ಲೂಮ್ ಮಾಲೀಕನ್ನ ವಿಲನ್ ಮಾಡ್ಬೇಡಿ, ಅವನು ನೇಕಾರನ ಸ್ವಂತ ತಮ್ಮನೇ ಆಗಿರ್ಲಿ, ಕತೆ ಇರೋದೇ ಅಲ್ಲಿ. ಆಮೇಲೆ ಕೆಲಸ ತೋರ್ಸಿ. ಇಳಕಲ್ ಸೀರೇಲಿ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹಾಕೋ ಎಳೆಗಳು) ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ, ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸ್ಬೇಕು, ಅದನ್ನ ಹೆಂಡ್ತಿ ಕೈಲಿ ಮಾಡ್ಸಿ, ಕಣ್ಣು ಮಂಜಾಗಿ ಒಂದು ಎಳೆ ತಪ್ಪಲಿ, ಪಕ್ಕದಲ್ಲಿರೋ ತಮ್ಮನ ಪವರ್‌ಲೂಮ್ ಶೆಡ್ಡಿನ ಸದ್ದು ಗೋಡೆ ದಾಟಿ ಬರ್ತಾ ಇರ್ಲಿ. ಕೆಲವು ಬಟ್ಟೆಗಳನ್ನ ಕೈಮಗ್ಗಕ್ಕೇ ಅಂತ ಮೀಸಲಿಡೋ 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಬಗ್ಗೆ ಭಾಷಣ ಹೊಡೆಸ್ಬೇಡಿ, ಗಿರಾಕಿ ಕೈಮಗ್ಗದ್ದು, ಪವರ್‌ಲೂಮಿಂದು ಎರಡೂ ಸೀರೆ ಮುಟ್ಟಿ ಅಗ್ಗದ್ದನ್ನ ಒಯ್ದ್ರೆ ಸಾಕು. ಕೊನೇಲಿ ನೇಕಾರನ್ನ ಸಾಯಿಸೋದಂತೂ ಬೇಡ (ನಾನು ಹಂಗೆ ಬರ್ದು ಹಾಳು ಮಾಡಿದೀನಿ), ನೇಯುವಾಗ ಕಾಲು ಇಳಿಬಿಟ್ಟು ಕೂರೋ ಮಗ್ಗದ ಕುಣಿಗೆ ಹಲಗೆ ಮುಚ್ಚಿ ಅದ್ರ ಮೇಲೆ ಮಗನ ಬೈಕ್ ನಿಲ್ಸಿ.